ಮೂರನೆಯ ಸ್ಲೈಡು

ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುತ್ತಿದ್ದ ಒಬ್ಬರು ಸೂಕ್ಷ್ಮದರ್ಶಕಕ್ಕೆ ಬಗ್ಗಿ ಬಗ್ಗಿ ಗೂನಾಗಿದ್ದರು. ಕಣ್ಣುಜ್ಜಿಕೊಂಡು, "ಇನ್ನೊಂದ್ಸಲ ನೋಡಾಣ" ಅನ್ನುವುದು ಅವರ ರೂಢಿ.

ಅಕ್ಕನ ಕೀಲುನೋವನ್ನು ಎಲ್ಲರೂ ವಾತ ಎಂದಿದ್ದರು. ಕೆನ್ನೆಯ ಕೆಂಪು ಕಾಣದಂತೆ ಅವ್ವ ದಿನಾ ಅರಿಶಿನ ಬಳಿಯುತ್ತಿದ್ದಳು. ಅಕ್ಕನ ರಕ್ತ ಸವರಿದ ಎರಡು ಗಾಜಿನ ಸ್ಲೈಡಿನಲ್ಲೂ ಏನೂ ಸಿಗಲಿಲ್ಲ.

"ಸಾಕು ಬಿಡ್ರಿ ಸಾರ್, ಹೊಳಲ್ಕೆರೆ ಬಸ್ಸು ಹೋಗ್ತೈತೆ," ಎಂದೆ.

ಅವರು ಅಕ್ಕನನ್ನೇ ನೋಡಿದರು. "ಮುಖ ತೊಳ್ಕಂಡ್ ಬಾರವ್ವ."

ಅರಿಶಿನ ಹೋದಮೇಲೆ ಮೂಗಿನ ಎರಡೂ ಬದಿಗೆ ಕೆಂಪು ಚಿಟ್ಟೆಯಂತೆ ಹರಡಿತ್ತು. ಮೂರನೆಯ ಸ್ಲೈಡು ಇಟ್ಟು ಬಹಳ ಹೊತ್ತು ನೋಡಿ ನನ್ನನ್ನು ಕರೆದರು.

"ನೋಡಪ್ಪ, ಬಿಳಿ ಕಣ ತನ್ನವರನ್ನೇ ನುಂಗೈತೆ. ರಕ್ತ ತನ್ನ ಮೈಮೇಲೇ ತಿರುಗಿಬಿದ್ದೈತೆ. ಇದು ವಾತ ಅಲ್ಲ, ಮೂತ್ರಪಿಂಡಕ್ಕೂ ಇಳಿತೈತೆ. ಓಡು, ಡಾಕ್ಟ್ರನ್ನ ಕರಿ."

ಅಕ್ಕ ಉಳಿದಳು. ಆ ಬಸ್ಸು ಮಾತ್ರ ಇವತ್ತಿಗೂ ನನ್ನೊಳಗೆ ಅವಳನ್ನು ಹತ್ತಿಸಿಕೊಂಡು ಹೊರಡುತ್ತದೆ.