ಹಮ್ಮಿಗಿಯ ನೀರು

ನನ್ನ ಬಾಯಿ ಸ್ವಲ್ಪ ಜೋರು. ಇದನ್ನು ನಾನೇ ಹೇಳಬೇಕಾಗಿಲ್ಲ, ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಗದಗಿನ ಮಕ್ಕಳ ಆಸ್ಪತ್ರೆಯ ಎದುರಿಗಿರುವ ಧರ್ಮಶಾಲೆಯ ಕೀಲಿಕೈ ನನ್ನ ಸೊಂಟಕ್ಕೆ ಬಂದದ್ದು ಆ ಬಾಯಿಯ ದೆಸೆಯಿಂದಲೇ. ನಾನು ಅಲ್ಲಿ ರೊಟ್ಟಿ ಬಡಿಯಲು ಸೇರಿದವಳು. ಹಿಂದಿನ ಮ್ಯಾನೇಜರು ಮೆತ್ತನೆಯ ಮನುಷ್ಯ. ಕೋಣೆಯಲ್ಲಿ ಯಾರು ಬೀಡಿ ಸೇದಿದರೂ ಸುಮ್ಮನಿರುತ್ತಿದ್ದರು, ನಾನು ಸುಮ್ಮನಿರುತ್ತಿರಲಿಲ್ಲ. ಅವರು ಬಿಟ್ಟು ಹೋದಾಗ ಧರ್ಮಶಾಲೆ ನಡೆಸುವ ಹಿರಿಯರು ಬಂದು, "ಹೆಂಗೂ ನಿಮಗ ಎಲ್ಲಾರೂ ಅಂಜತಾರ, ನೀವ ನೋಡ್ಕೊಳ್ರಿ" ಎಂದರು.

ಒಂದು ಕಾಲಕ್ಕೆ ಅದು ಹತ್ತಿ ವ್ಯಾಪಾರಿಯೊಬ್ಬರ ವಖಾರಿ. ಅಡ್ಡಗೋಡೆ ಹಾಕಿ ಕೋಣೆಗಳನ್ನು ಮಾಡಿದ್ದಾರೆ. ರಸ್ತೆಯಾಚೆ ಮಗು ಮಲಗಿದ್ದರೆ ಈಚೆ ಅದರ ಮನೆಯವರು ಪುಕ್ಕಟೆ ಇರಬಹುದು. ಎರಡು ಹೊತ್ತು ರೊಟ್ಟಿ, ಪಲ್ಯ, ಅನ್ನ, ಸಾರು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕಡೆಯಿಂದ ಬರುವವರೇ ಹೆಚ್ಚು. ಯಾರನ್ನೂ ಹೆಸರಿನಿಂದ ಕರೆಯುವುದಿಲ್ಲ, ಊರಿನಿಂದಲೇ ಕರೆಯುತ್ತೇವೆ. ಎಲ್ಲ ಕಡೆ ಜನ ಹೊರಡುವಾಗ "ಬರ್ತೀವ್ರಿ" ಎನ್ನುತ್ತಾರೆ. ನಮ್ಮಲ್ಲಿ ಮಾತ್ರ ಆ ಮಾತು ಆಡಕೂಡದು, "ಹೋಗ್ತೀವಿ" ಎನ್ನಬೇಕು. ಬಾಯಿ ತಪ್ಪಿ ಅಂದವರನ್ನು ನಾನು ಗೇಟಿನಿಂದ ವಾಪಸು ಕರೆದು ಮತ್ತೊಮ್ಮೆ ಸರಿಯಾಗಿ ಹೇಳಿಸಿ ಕಳಿಸುತ್ತೇನೆ.

ಒಂದು ಬೇಸಿಗೆಯಲ್ಲಿ ಹಮ್ಮಿಗಿಯವರು ಬಂದರು. ತಾಯಿ ಮತ್ತು ಬಾಣಂತಿ ಮಗಳು. ಮಗಳದು ಚೊಚ್ಚಲ ಹೆರಿಗೆ, ತವರಿನಲ್ಲೇ ಆಗಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಗಂಡು ಕೂಸು ರಸ್ತೆಯಾಚೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಅಳಿಯ ಯಳವತ್ತಿಯವನು. ಚೀಲಗಳನ್ನು ಇಳಿಸಿಕೊಟ್ಟು ಔಷಧಿ ಚೀಟಿ ಹಿಡಿದು ಓಡಿದ, ಆಮೇಲೆ ಊರಿಗೂ ಆಸ್ಪತ್ರೆಗೂ ಹೋಗಿ ಬಂದು ಮಾಡುತ್ತಿದ್ದ. ಆ ಉರಿಬಿಸಿಲಲ್ಲಿ ಹುಡುಗಿಯ ತಲೆಗೆ ಉಣ್ಣೆಯ ಸ್ಕಾರ್ಫು, ಕಿವಿಯಲ್ಲಿ ಹತ್ತಿ, ಕಾಲಿಗೆ ಕಾಲುಚೀಲ. ತುಟಿ ಒಡೆದು ಸಿಪ್ಪೆ ಎದ್ದಿತ್ತು. ತಾಯಿಯ ಚೀಲದಿಂದ ಮೊದಲು ಹೊರಗೆ ಬಂದದ್ದು ಒಂದು ಶೆಗಡಿ ಮತ್ತು ಇದ್ದಿಲಿನ ಗಂಟು.

"ಯಕ್ಕಾ, ಇದೇನಿದು?" ಎಂದೆ.

"ಬಾಣಂತಿ ಹೊರಸಿನ ಬುಡಕ ಕೆಂಡ ಇಡಬೇಕಲ್ರಿ ಅಕ್ಕಾರ."

"ಇಲ್ಲಿ ಕೋಣ್ಯಾಗ ಬೆಂಕಿ ಹಚ್ಚಂಗಿಲ್ಲ. ಹಚ್ಚಿದ್ರ ಶೆಗಡಿ ಸಮೇತ ನಿನ್ನೂ ಹೊರಗ ಇಡ್ತೀನಿ ನೋಡು."

ಆಕೆ ಶೆಗಡಿಯನ್ನು ಮಂಚದ ಕೆಳಗೆ ಸರಿಸಿದಳು. ನಮ್ಮಿಬ್ಬರಲ್ಲಿ ಯಾರು ದೊಡ್ಡವರೋ ಗೊತ್ತಿರಲಿಲ್ಲ. ಆಕೆ ನನ್ನನ್ನು ಅಕ್ಕ ಎನ್ನುತ್ತಿದ್ದಳು, ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ, ಜಗಳವಾಡುವಾಗಲೂ.

ಮರುದಿನ ಬೆಳಿಗ್ಗೆ ವಾರ್ಡಿಗೆ ಗಂಜಿ ಒಯ್ದಾಗ ನರ್ಸು ನನ್ನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು.

"ಅಕ್ಕಾರ, ನಿಮ್ಮ ಹಮ್ಮಿಗಿಯವರಿಗೆ ಚೂರು ತಿಳಿಸಿ ಹೇಳ್ರಿ. ಪುಡಿ ಹಾಲು ಆ ಕೂಸಿಗೆ ದಕ್ಕವಲ್ದು, ಹೊಟ್ಟಿ ಉಬ್ಬಾಕ ಹತ್ತೈತಿ. ತಾಯಿ ಹಾಲ ಬೇಕು. ಒಂದು ಚಮಚೆ ಆದ್ರೂ ನಡಿತೈತಿ. ಆದ್ರ ಆಕಿಗೆ ಒಂದು ಹನಿ ಬರವಲ್ದು. ನೀರು ಭಾಳ ಕುಡೀಬೇಕು ಅಂತ ಹೇಳೇನಿ, ಹೂಂ ಹೂಂ ಅಂತಾರ, ಹೋಗ್ತಾರ."

"ಕೂಸು ಹೆಂಗೈತ್ರಿ?"

"ಮೊದಲ ಹಾಲಿಂದು ನೋಡ್ರಿ ನೀವು," ಎಂದು ಆಕೆ ಒಳಗೆ ಹೋದಳು. ಕೇಳಿದ್ದಕ್ಕೆ ನೇರ ಉತ್ತರ ಬರಲಿಲ್ಲವೆಂದರೆ ಏನರ್ಥ ಎಂದು ಇಷ್ಟು ವರ್ಷದಲ್ಲಿ ನನಗೆ ತಿಳಿದಿದೆ.

ವಾಪಸು ಬಂದವಳೇ ಹಮ್ಮಿಗಿಯವರ ಕೋಣೆಯ ಬಾಗಿಲನ್ನು ತಟ್ಟದೆ ತೆರೆದೆ. ಹುಡುಗಿ ಗೋಡೆಗೆ ಆತು ಕುಳಿತು, ಎದೆಗೆ ಬಟ್ಟಲು ಹಿಡಿದು ಹಿಂಡಿಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಬಟ್ಟಲಲ್ಲಿ ಏನೂ ಇರಲಿಲ್ಲ. ತಾಯಿಯ ಮೊಣಕಾಲಿನ ಬಳಿ ಮುಚ್ಚಳ ಹಾಕಿದ ತಾಮ್ರದ ಚೆರಗಿ. ಅದರಲ್ಲಿ ಅಜವಾನ ಹಾಕಿ ಕುದಿಸಿದ ನೀರು.

"ಮುಂಜಾನಿಂದ ಎಷ್ಟು ನೀರು ಕುಡದಿ ತಂಗಿ?"

ಹುಡುಗಿ ತಾಯಿಯ ಮುಖ ನೋಡಿದಳು. ಉತ್ತರ ಕೊಟ್ಟವಳು ತಾಯಿ. "ಒಂದು ವಾಟಗಾ ಕೊಟ್ಟೀನ್ರಿ."

"ಒಂದು ವಾಟಗಾ! ಗುಬ್ಬಿಗೆ ಇಟ್ಟಂಗ ಇಟ್ಟೀಯೇನು? ಇಂಥಾ ಬಿಸಲಾಗ ದನಕ್ಕೂ ಯಾರೂ ಹಿಂಗ ಮಾಡೂದಿಲ್ಲ."

"ಹಸಿ ಬಾಣಂತಿ ಅದಾಳ್ರಿ. ನೀರು ಕೊಟ್ರ ಸನ್ನಿ ಹಿಡಿತೈತಿ."

"ನಿನ್ನ ಸನ್ನಿಗೆ ಬೆಂಕಿ ಹತ್ತಲಿ! ನಿಮ್ಮೂರ ಹೊಳಿ ನೀರು ಕುಡದ ಈ ಗದಗ-ಬೆಟಗೇರಿ ಜೀವಾ ಹಿಡಕೊಂಡೈತಿ. ಇಡೀ ಊರಿಗೆ ಹಮ್ಮಿಗಿ ನೀರು ಸಾಕಾಕ್ಕೈತಿ, ಹಮ್ಮಿಗಿ ಮಗಳಿಗೆ ಮಾತ್ರ ಒಂದು ವಾಟಗಾ?"

ಸುಳ್ಳಲ್ಲ. ನಮ್ಮ ನಲ್ಲಿಗೆ ತುಂಗಭದ್ರೆ ಬರುವುದು ಹಮ್ಮಿಗಿಯಿಂದಲೇ. ಅದೂ ದಿನಾ ಅಲ್ಲ, ಬಂದಾಗ ಓಣಿಗೆ ಓಣಿಯೇ ಕೊಡ ಹಿಡಿದು ಓಡುತ್ತದೆ.

ಆಕೆ ಅಳಲಿಲ್ಲ, ಕೂಗಲಿಲ್ಲ. ಚೆರಗಿಯ ಮುಚ್ಚಳದ ಮೇಲೆ ಅಂಗೈ ಇಟ್ಟಳು. "ಅಕ್ಕಾರ, ದೊಡ್ಡ ಮಗಳನ್ನ ಬಾಣಂತನದಾಗ ಕಳಕೊಂಡೀನ್ರಿ. ಸನ್ನಿ ಹಿಡದ ಹೋದ್ಲು. ಕೂಸು ದೇವರ ಕೈಯಾಗ ಐತಿ. ಈಕಿನ್ನ ಮಾತ್ರ ನಾ ಕಳಕೊಳ್ಳಂಗಿಲ್ಲ."

ಹೊರಗೆ ಬಂದು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದೆ. ಹಾಲು ಇಳಿಯಲೆಂದು ಸಬ್ಬಸಗಿ ಪಲ್ಯ ಮಾಡಿದೆ, ಅಳ್ವಿ ಪಾಯಸ ಮಾಡಿದೆ, ಸಾರನ್ನು ಬೇಕೆಂದೇ ತೆಳ್ಳಗೆ ಮಾಡಿ ಕಳಿಸಿದೆ. ಪಲ್ಯ ಮತ್ತು ಪಾಯಸದ ಬಟ್ಟಲು ಖಾಲಿಯಾಗಿ ಬಂದವು. ಸಾರು ಹಾಗೆಯೇ ವಾಪಸು ಬಂತು. ಸಾರು ಥಂಡಿಯಂತೆ!

ಮಧ್ಯಾಹ್ನ ವಾರ್ಡಿನಿಂದ ಫೋನು ಬಂತು. ಕೂಸಿಗೆ ಹೊಟ್ಟೆ ಇನ್ನಷ್ಟು ಬಿಗಿದಿದೆ, ಪುಡಿ ಹಾಲು ನಿಲ್ಲಿಸಿದ್ದೇವೆ, ಬರೀ ಸಲೈನ್ ಮೇಲೆ ಇಟ್ಟಿದ್ದೇವೆ, ಹಾಲು ಬಂತೇ ಎಂದು ಕೇಳಿದರು. ಬರಲಿಲ್ಲ ಎಂದು ಹೇಳುವಾಗ ನನಗೆ ನಾಚಿಕೆಯಾಯಿತು, ನನ್ನ ಎದೆಯೇ ಬತ್ತಿದೆಯೇನೋ ಅನ್ನುವ ಹಾಗೆ.

ಆಗ ನಿರ್ಧಾರ ಮಾಡಿದೆ. ನನ್ನ ಜೊತೆ ಕೂಡಿದವಳು ಲಕ್ಷ್ಮೇಶ್ವರದಾಕೆ. ಬಳೆ ವ್ಯಾಪಾರದ ಮನೆಯವಳು, ಆಕೆಯ ಮಗನಿಗೆ ಟೈಫಾಯ್ಡ್. ಮಗ ಚೇತರಿಸಿಕೊಳ್ಳುತ್ತಿದ್ದುದರಿಂದ ಆಕೆಗೆ ಸ್ವಲ್ಪ ನಗು ಬರುತ್ತಿತ್ತು. "ಅಕ್ಕಾರ, ಕಳ್ಳರಿಗೆ ಕಾವಲು ನಿಂದ್ರೂದು ನಂಗ ಚಲೋ ಬರ್ತೈತ್ರಿ," ಎಂದಳು. ಸಂಜೆ ವಾರ್ಡಿನಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಾರೆ. ಹಮ್ಮಿಗಿಯ ಅಕ್ಕ ಹೋಗುತ್ತಲೇ ಲಕ್ಷ್ಮೇಶ್ವರದಾಕೆ ಗೇಟಿನ ಬಳಿ ಬಟ್ಟೆ ಒಣಹಾಕುತ್ತ ನಿಂತಳು. ಅಕ್ಕ ಬರುವುದು ಕಂಡರೆ ಕೆಮ್ಮಬೇಕು. ನಾನು ಹುಡುಗಿಯನ್ನು ಅಡುಗೆಮನೆಗೆ ಕರೆದು, ಕುದಿಸಿ ಆರಿಸಿದ ನೀರಿನ ದೊಡ್ಡ ತಂಬಿಗೆಯನ್ನು ಕೈಗಿತ್ತೆ.

"ಅವ್ವಗ ಗೊತ್ತಾದ್ರ?"

"ಗೊತ್ತಾದ್ರ ನಾ ನೋಡ್ಕೋತೀನಿ. ನೀ ಕುಡಿ."

ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದಳು. ಗದ್ದದಿಂದ ಇಳಿದು ಸೆರಗು ತೋಯ್ದದ್ದು ಆಕೆಗೆ ಗೊತ್ತೇ ಆಗಲಿಲ್ಲ. ತಂಬಿಗೆ ಇಳಿಸಿ, ಉಸಿರು ತೆಗೆದುಕೊಂಡು, "ಇನ್ನೊಂದು ಕೊಡ್ರಿ" ಎಂದಳು. ಆ ಮಾತು ಕೇಳಿ ನನಗೆ ಅಳು ಬಂತು, ಸಿಟ್ಟೂ ಬಂತು.

ಅಂದಿನಿಂದ ತಾಯಿ ಜಳಕಕ್ಕೆ ಹೋದಾಗ, ವಾರ್ಡಿಗೆ ಹೋದಾಗ, ಅರಿವೆ ಒಗೆಯಲು ಹೋದಾಗ, ಆ ಹುಡುಗಿ ಅಡುಗೆಮನೆಗೆ ಓಡಿ ಬರುತ್ತಿದ್ದಳು. ಅತ್ತ ವಾರ್ಡಿನಲ್ಲಿ ಕೂಸು ಸಲೈನ್ ಮೇಲೆಯೇ ಇತ್ತು. ಬಟ್ಟಲು ಇನ್ನೂ ಖಾಲಿ. ಪ್ರತಿ ಸಲ ಫೋನು ಬಡಿದುಕೊಂಡಾಗಲೂ ನಾನು ಸೀರೆಗೆ ಕೈ ಒರೆಸಿಕೊಂಡು ಒಂದು ಕ್ಷಣ ನಿಂತು ಎತ್ತುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತ ಕುಳಿತಿದ್ದೆ, ಕೋಣೆಯಿಂದ ಹಮ್ಮಿಗಿಯ ಅಕ್ಕನ ಕೂಗು ಕೇಳಿತು. ಓಡಿದೆ. ಹುಡುಗಿ ಹೊದ್ದುಕೊಂಡ ಎರಡು ಕೌದಿಯೊಳಗೆ ಗಡಗಡ ನಡುಗುತ್ತಿದ್ದಳು. ಹಲ್ಲು ಕಟಕಟ ಅನ್ನುತ್ತಿದ್ದವು. ಹಣೆ ಸುಡುತ್ತಿತ್ತು.

"ಸನ್ನಿ! ದೊಡ್ಡಾಕಿಗೂ ಹಿಂಗ ಸುರು ಆಗಿತ್ತು. ಹಿಂಗ ನಡುಗಿದ್ಲು," ಎಂದು ತಾಯಿ ಮಗಳ ಅಂಗಾಲು ತಿಕ್ಕುತ್ತಿದ್ದಳು.

ಹುಡುಗಿಗೆ ಹೆದರಿಕೆ ಹತ್ತಿತು. "ಅವ್ವಾ, ನೀರು ಕುಡದೀನಿ. ಅಕ್ಕಾರ ಕೊಟ್ರು," ಎಂದುಬಿಟ್ಟಳು.

ತಾಯಿ ಅಂಗಾಲು ತಿಕ್ಕುವುದನ್ನು ಬಿಟ್ಟು ನನ್ನನ್ನು ನೋಡಿದಳು. ನನ್ನ ಜೀವನದಲ್ಲಿ ಬೈಗುಳ ತಿಂದವಳು ನಾನು, ಕೊಟ್ಟವಳೂ ನಾನು. ಆಕೆ ಬೈಯಲಿಲ್ಲ. ತಣ್ಣಗೆ, "ನನ್ನ ಮಗಳನ್ನ ನೀವು ಕೊಂದ್ರಿ," ಎಂದಳು.

ನಾನೂ ಲಕ್ಷ್ಮೇಶ್ವರದಾಕೆಯೂ ಎರಡು ಕಡೆ ಹಿಡಿದು ಹುಡುಗಿಯನ್ನು ರಸ್ತೆ ದಾಟಿಸಿದೆವು. ಹೊಂಬಳದ ಬಸ್ಸು ಅಡ್ಡ ಬಂತು, ಡ್ರೈವರು ಹಾರ್ನು ಹೊಡೆದ. ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರು ಎತ್ತುತ್ತಿದ್ದೆ. ಅವತ್ತು ಹುಡುಗಿಯ ಸೊಂಟವನ್ನು ಬಿಗಿಯಾಗಿ ಹಿಡಿದು ದಾಟಿದೆ.

ಡಾಕ್ಟರಮ್ಮ ಪರದೆಯ ಹಿಂದೆ ಪರೀಕ್ಷೆ ಮಾಡುತ್ತಿದ್ದರು. ಹಿಂದೆಯೇ ಓಡಿ ಬಂದಿದ್ದ ಹಮ್ಮಿಗಿಯ ಅಕ್ಕನೂ ನಾನೂ ಹೊರಗೆ ನಿಂತಿದ್ದೆವು, ನಡುವೆ ಒಂದು ಖುರ್ಚಿ, ಕೂಡುವವರಿಲ್ಲ. ನೀರಿನಿಂದ ಏನೂ ಆಗುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಪರದೆಯ ಮುಂದೆ ಬಂದು ನಿಂತಾಗ ಆ ಖಾತ್ರಿ ಎಲ್ಲಿ ಹೋಯಿತೋ! ಇವಳ ದೊಡ್ಡ ಮಗಳು ಹೋದದ್ದು ಖರೆ, ನಡುಕ ಖರೆ, ನಾನು ಕದ್ದು ಕುಡಿಸಿದ್ದೂ ಖರೆ. ಆ ಹೊತ್ತಿನಲ್ಲಿ ನನಗೆ ಕೂಸಿನ ನೆನಪೇ ಆಗಲಿಲ್ಲ. ಈ ಹುಡುಗಿಯೊಬ್ಬಳು ಉಳಿದರೆ ಸಾಕು, ಇನ್ನು ಮೇಲೆ ಯಾರ ಉಸಾಬರಿಗೂ ಹೋಗುವುದಿಲ್ಲ ಎಂದು ದೇವರಿಗೆ ಹೇಳಿಕೊಂಡೆ. ಹೇಳುವಾಗಲೇ ಈ ಮಾತು ನಡೆಸುವವಳಲ್ಲ ನಾನು ಎಂದು ದೇವರಿಗೂ ಗೊತ್ತಿತ್ತು.

ಡಾಕ್ಟರಮ್ಮ ಪರದೆ ಸರಿಸಿ ಬಂದರು.

"ಸನ್ನಿ ಗಿನ್ನಿ ಏನಿಲ್ಲ. ಎಲ್ಲಾ ನೋಡೇನಿ. ಎದಿ ತುಂಬಿ ಕಲ್ಲಾಗೈತಿ, ಅದಕ್ಕ ಜ್ವರಾ. ಹಾಲು ಇಳದಾವವ್ವಾ ನಿನ್ನ ಮಗಳಿಗೆ. ಜಲ್ದಿ ಹಿಂಡಿ ತಗೀರಿ."

ಹಮ್ಮಿಗಿಯ ಅಕ್ಕ ನಂಬಲಿಲ್ಲ. ತಾನೇ ಒಳಗೆ ಹೋದಳು. ನರ್ಸು ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ, ಹೇಗೆ ಹಿಂಡಬೇಕೆಂದು ತೋರಿಸುತ್ತಿದ್ದಳು. ಹುಡುಗಿ ನೋವಿಗೆ ತುಟಿ ಕಚ್ಚಿಕೊಂಡಿದ್ದಳು. ಮೊದಲು ಒಂದು ಹಳದಿ ಹನಿ ಬಟ್ಟಲ ಅಂಚಿಗೆ ಬಿತ್ತು, ಅದರ ಹಿಂದೆ ಇನ್ನೊಂದು, ಆಮೇಲೆ ಸಣ್ಣ ಧಾರೆ. ಬಟ್ಟಲ ತಳ ಮುಚ್ಚಿತು. ಲಕ್ಷ್ಮೇಶ್ವರದಾಕೆ ನನ್ನ ರಟ್ಟೆಯನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ಆಕೆಯ ಒಂದು ಬಳೆ ಒಡೆಯಿತು. ತಾಯಿ ಬಟ್ಟಲನ್ನು ಸೆರಗಿನಿಂದ ಮುಚ್ಚಿ, ಗಾಜಿನ ಪೆಟ್ಟಿಗೆಯ ಕೋಣೆಯತ್ತ ನಡೆದಳು. ನನ್ನ ಮುಂದಿನಿಂದಲೇ ಹೋದಳು, ಮುಖ ನೋಡಲಿಲ್ಲ.

ಕೂಸಿಗೆ ಮೂಗಿನ ನಳಿಕೆಯಲ್ಲಿ ಹನಿ ಹನಿಯಾಗಿ ಬಿಟ್ಟರು. ಮೊದಲ ದಿನ ಯಾರೂ ಏನೂ ಹೇಳಲಿಲ್ಲ. ಮರುದಿನ, ಹಾಲು ದಕ್ಕುತ್ತಿದೆ ಎಂದರು. ಮೆಲ್ಲಗೆ ಹೊಟ್ಟೆ ಇಳಿಯಿತು, ಸಲೈನ್ ತೆಗೆದರು, ಬೆಕ್ಕಿನ ಮರಿಯ ಹಾಗೆ ಒಂದು ಅಳು ಕೇಳಿಸಿತಂತೆ. ಆ ವಾರದ ಕೊನೆಗೆ ಕೂಸನ್ನು ಪೆಟ್ಟಿಗೆಯಿಂದ ತೆಗೆದು ತಾಯಿಯ ಎದೆಗೆ ಕಟ್ಟಿದರು. ಹಮ್ಮಿಗಿಯ ಅಕ್ಕ ಮಗಳ ಸ್ಕಾರ್ಫನ್ನು ಮಾತ್ರ ಬಿಚ್ಚಲಿಲ್ಲ. ನಾನೂ ಆ ಸುದ್ದಿಗೆ ಹೋಗಲಿಲ್ಲ.

ಆಕೆ ನನ್ನ ಜೊತೆ ಮಾತು ಬಿಟ್ಟಿದ್ದಳು. ರೊಟ್ಟಿಗೆ ಬಂದು ತಾಟು ಚಾಚುತ್ತಿದ್ದಳು, ನಾನು ಹಾಕುತ್ತಿದ್ದೆ, ಹೋಗುತ್ತಿದ್ದಳು. ಇರಲಿ ಬಿಡು, ಕೂಸು ಉಳಿಯಿತಲ್ಲ ಎಂದು ಅಂದುಕೊಳ್ಳುತ್ತಿದ್ದೆ. ಆದರೂ ಉರಿಯುತ್ತಿತ್ತು. "ನೀವು ಕೊಂದ್ರಿ" ಎಂದ ಬಾಯಿ ಒಂದು ಸಲ "ತಪ್ಪಾತ್ರಿ" ಅನ್ನಬಾರದೇ?

ನಲ್ಲಿಗೆ ನೀರು ಬಂದ ದಿನ. ಇಡೀ ಧರ್ಮಶಾಲೆ ಕೊಡ, ಬಕೀಟು ಹಿಡಿದು ಹಿತ್ತಲಲ್ಲಿ ನೆರೆದಿತ್ತು. ಅಡುಗೆಮನೆಯಲ್ಲಿ ನಾನೊಬ್ಬಳೇ, ಕುದಿಸಿದ ನೀರನ್ನು ಆರಲು ಇಟ್ಟಿದ್ದೆ. ಹಮ್ಮಿಗಿಯ ಅಕ್ಕ ಅದೇ ತಾಮ್ರದ ಚೆರಗಿ ಹಿಡಿದು ಬಂದು ಬಾಗಿಲಲ್ಲಿ ನಿಂತಳು.

"ತುಂಬ ಕೊಡ್ರಿ," ಎಂದಳು. "ಆಕಿ ಕೇಳಾಕ ಹತ್ಯಾಳ."

ಕಂಠದವರೆಗೆ ತುಂಬಿ ಕೊಟ್ಟೆ. ಆಕೆ ಹೋಗಲಿಲ್ಲ. ಮುಚ್ಚಳ ಹಾಕಿದಳು, ತೆಗೆದಳು, ಒಳಗಿನ ನೀರನ್ನು ನೋಡಿದಳು.

"ಅಕ್ಕಾರ, ದೊಡ್ಡಾಕಿ ಹೋಗೂ ದಿನಾ ನೀರು ಬೇಡಿದ್ಲ್ರಿ. ಯವ್ವಾ ನೀರು, ಯವ್ವಾ ನೀರು ಅಂತ ಒಂದ ಸವನ. ನಾ ಕೊಡಲಿಲ್ಲ. ತುಟಿಗೆ ತೊಯ್ಸಿದ ಅರಿವಿ ಒತ್ತಿದ್ನಿ, ಅಷ್ಟ." ಆಕೆಯ ಬೆರಳು ಚೆರಗಿಯ ಕಂಠವನ್ನು ಸುತ್ತುತ್ತಲೇ ಇತ್ತು. "ಕೊಟ್ಟಿದ್ರ ಉಳೀತಿದ್ಲೇನ್ರಿ?"

ಎಲ್ಲರಿಗೂ ಒಂದು ಉತ್ತರ ಇಟ್ಟುಕೊಂಡಿರುವವಳು ನಾನು. ಉಳಿಯುತ್ತಿದ್ದಳೋ ಇಲ್ಲವೋ ನನಗೇನು ಗೊತ್ತು? ನಾನು ರೊಟ್ಟಿ ಬಡಿಯುವವಳು. ಕದ್ದು ತಂಬಿಗೆ ಕೊಡುವಾಗ, ಬಾಯಿ ಮಾಡುವಾಗ, ಗೆದ್ದೆ ಎಂದು ಒಳಗೊಳಗೆ ಬೀಗುವಾಗ, ಈ ತಾಯಿ ಇಂಥದೊಂದು ಪ್ರಶ್ನೆಯನ್ನು ಹೊತ್ತುಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಾಳೆ ಎಂದು ನನಗೆ ಹೊಳೆದಿರಲಿಲ್ಲ.

"ಇಲ್ಲ ಯಕ್ಕಾ," ಎಂದೆ. "ಅದು ಬ್ಯಾರೆ ಬ್ಯಾನಿ. ನೀರು ಕೊಟ್ಟಿದ್ರೂ ಉಳೀತಿರಲಿಲ್ಲ."

ಆಕೆ ನನ್ನ ಮುಖವನ್ನೇ ನೋಡಿದಳು.

"ನಿಮಗ ಗೊತ್ತಿಲ್ಲ," ಎಂದಳು. "ಆದ್ರೂ ಇನ್ನೊಮ್ಮೆ ಹೇಳ್ರಿ."

ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಚೆರಗಿಯನ್ನು ಎದೆಗೆ ಒತ್ತಿಕೊಂಡು, ನೀರು ಕೇಳುತ್ತಿದ್ದ ಮಗಳ ಕೋಣೆಗೆ ಹೋದಳು.