ಎತ್ತು ಹೂಡಿದ ಬಸ್ಸು

ವೈ.ಎನ್. ಹೊಸಕೋಟೆಯ ತವರಿನಲ್ಲಿ ಒಂದು ತಿಂಗಳಿದ್ದು ಅಣ್ಣನ ಮಗಳ ಮದುವೆ ಮುಗಿಸಿಕೊಂಡು ರಂಗಕ್ಕ ಪುರವರಕ್ಕೆ ಹಿಂತಿರುಗಿದಾಗ ಅವಳ ಮನೆಯೊಳಗೆ ಒಲೆ ಇರಲಿಲ್ಲ. ಯಾರೋ ಒಡೆದು ನೆಲ ಸಾರಿಸಿದ್ದರು. ಒಲೆಯಿದ್ದ ಮೂಲೆಯಲ್ಲಿ ವಾರಗಿತ್ತಿ ಪುಟ್ಟಕ್ಕ ರಾಗಿ ಚೀಲಗಳನ್ನು ಜೋಡಿಸುತ್ತಿದ್ದಳು.

"ಏನೇ ಇದು? ನನ್ನ ಒಲೆ ಎಲ್ಲೇ?"

ಪುಟ್ಟಕ್ಕ ಮುಖ ಎತ್ತಲಿಲ್ಲ. "ಭಾವನ್ನೇ ಕೇಳಕ್ಕ. ಕೆರೆ ಏರಿ ತಾವ ಅವ್ರೆ."

ರಂಗಕ್ಕ ಗಂಟು ಅಲ್ಲೇ ಎಸೆದು ಕೆರೆಯ ಕಡೆಗೆ ನಡೆದಳು. ಅವಳ ಎರಡು ನಾಯಿಗಳು, ಕೆಂಚ ಮತ್ತು ಬೂದಿ, ಹಿಂದೆ ಓಡಿದವು. ಏರಿಯ ಕೆಳಗೆ ನಿಂತಿದ್ದದ್ದು ಒಂದು ಬಸ್ಸು. ಅವಳ ಗಂಡ ಕದರಪ್ಪ ಹನ್ನೊಂದು ವರ್ಷ ಮಧುಗಿರಿಯಿಂದ ಪಾವಗಡಕ್ಕೆ ಓಡಿಸಿದ ಅದೇ ಬಸ್ಸು. ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಹೋದಾಗ ಬಸ್ಸಿನ ಧಣಿ ಇನ್ನೊಂದು ಬಸ್ಸಿಗೆ ಇದ್ದಿಲ ಒಲೆ ಕಟ್ಟಿಸಿ, ಅದರ ಅನಿಲದಿಂದ ಓಡಿಸತೊಡಗಿದ್ದ. ಇದರ ಇಂಜಿನ್ನು, ಟೈರು ಎಲ್ಲ ಬಿಚ್ಚಿಕೊಂಡು ಬರಿಯ ಗೂಡನ್ನು ಗುಜರಿಗೆ ಹಾಕಬೇಕೆಂದಿದ್ದಾಗ ಕದರಪ್ಪ ಕೇಳಿ ಪಡೆದಿದ್ದ. ಭಾರ ಕಡಿಮೆಯಾಗಲೆಂದು ಹಿಂದಿನ ಮೂರು ಸಾಲು ಸೀಟಿನಷ್ಟು ಉದ್ದವನ್ನು ಕೊಯ್ದು, ಕೆಳಗೆ ಗಾಡಿಯ ಚಕ್ರ ಕೂರಿಸಿ, ಮುಂದೆ ನೊಗ ಕಟ್ಟಿದ್ದ. ನೊಗದ ಪಕ್ಕದಲ್ಲಿ ಮೈದುನ ಬೊಮ್ಮಪ್ಪನ ಎರಡು ಬಿಳಿ ಎತ್ತುಗಳು ಮೇವು ತಿನ್ನುತ್ತಿದ್ದವು.

"ಇನ್ಮೇಲೆ ಇದೇ ಮನೆ ಕಣೆ," ಎಂದ ಕದರಪ್ಪ. ಅವನ ಮುಖದಲ್ಲಿ ಹೊಸ ಮದುವೆಯ ಗಂಡಿನ ಕಳೆಯಿತ್ತು. "ಊರೂರಿಗೆ ಹೋಗೋದು. ಲಾಂದ್ರ, ಬೀಗ, ಹೊಲಿಗೆ ಮಿಷನ್ನು, ಏನ್ ಕೆಟ್ಟಿದ್ರೂ ರಿಪೇರಿ ಮಾಡೋದು. ಯಾವ ಧಣಿ ಮುಂದೂ ಕೈ ಕಟ್ಟಿ ನಿಲ್ಲಂಗಿಲ್ಲ."

"ಎತ್ತು ಎಲ್ಲಿಂದ ಬಂದ್ವು?"

"ಬೊಮ್ಮ ಕೊಟ್ಟ. ಮನೇಲಿ ನಮ್ಮ ಪಾಲು ಅವನಿಗೆ ಬರೆದುಕೊಟ್ಟೆ."

ರಂಗಕ್ಕ ಊರಿನ ಕಡೆ ತಿರುಗಿ ನೋಡಿದಳು. ಆ ಮನೆಯ ಗೋಡೆಗೆ ಹತ್ತೊಂಬತ್ತು ವರ್ಷ ಮಣ್ಣು ಮೆತ್ತಿದವಳು ಅವಳು. ಒಬ್ಬಳೇ ಮಗಳನ್ನು ಹೆತ್ತದ್ದು, ಸಾಕಿದ್ದು, ಕೊರಟಗೆರೆಗೆ ಕೊಟ್ಟು ಕಳಿಸಿದ್ದು ಆ ಮನೆಯಿಂದ.

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ನೀನಿರ್ಲಿಲ್ವಲ್ಲ."

"ಸತ್ತೋಗಿದ್ನಾ? ಹೊಸಕೋಟೇಲಿದ್ದೆ. ದಿನಾ ನೀನೇ ಬಸ್ಸು ಓಡಿಸ್ತಿದ್ದ ಸೀಮೆ ಅದು. ಅಲ್ಲೀವರ್ಗೂ ಒಂದು ಮಾತು ಹೇಳಿ ಕಳ್ಸಕ್ಕೆ ನಿನಗೆ ಆಳು ಸಿಗ್ಲಿಲ್ವಾ?"

ಕದರಪ್ಪ ನೊಗದ ಹಗ್ಗವನ್ನು ಬಿಗಿಯುತ್ತ ಕೂತ. ಸಿಕ್ಕಿಬಿದ್ದಾಗಲೆಲ್ಲ ಅವನು ಏನನ್ನಾದರೂ ಬಿಗಿಯುತ್ತಿದ್ದ.

ಪತ್ರವಾಗಿತ್ತು, ಹೆಬ್ಬೆಟ್ಟು ಬಿದ್ದಿತ್ತು, ಏನೂ ಮಾಡುವಂತಿರಲಿಲ್ಲ. ಬೊಮ್ಮಪ್ಪ, "ನಾಯಿಗಳ್ನ ಇಲ್ಲಿ ಬುಟ್ಟೋಗ್ಬೇಡ ಅತ್ತಿಗೆ, ನಾನು ಹಿಟ್ಟು ಹಾಕಾಕಿಲ್ಲ," ಎಂದ. ರಂಗಕ್ಕನ ತವರಿನವರು ಕುರಿ ಕಾಯುವವರು. ಮದುವೆಯಲ್ಲಿ ಅವಳ ಜೊತೆ ಬಂದ ನಾಯಿಯ ಸಂತಾನ ಇವು. ಅವಳು ತಂದ ಕುರಿಗಳು ರೋಗ ಬಂದು ಸತ್ತ ಮೇಲೂ ನಾಯಿಗಳು ಉಳಿದಿದ್ದವು. "ನಿನ್ನ ಹಿಟ್ಟು ನೀನೇ ತಿನ್ನು," ಎಂದು ಅವಳು ಬಸ್ಸು ಹತ್ತದೆ, ನಾಯಿಗಳ ಜೊತೆ ಹಿಂದೆ ನಡೆದೇ ಊರು ಬಿಟ್ಟಳು.

ಮೊದಲ ಆರು ದಿನ ಅವಳು ಗಂಡನೊಡನೆ ಮಾತಾಡಲಿಲ್ಲ. ಬಸ್ಸಿನ ಕೆಳಗೆ ಕಂಬಳಿ ಹಾಸಿ, ಅಕ್ಕಪಕ್ಕ ನಾಯಿಗಳನ್ನಿಟ್ಟುಕೊಂಡು ಮಲಗಿದಳು. ಏಳನೆಯ ದಿನ ಮಳೆ ಬಂತು. ಒಳಗೆ ಹತ್ತಲೇಬೇಕಾಯಿತು. ಹತ್ತಿ ನೋಡಿದರೆ ಮಡಕೆಗಳಲ್ಲಿ ಎರಡು ಒಡೆದಿದ್ದವು, ಹುಣಸೆಹಣ್ಣಿನೊಳಗೆ ಸೀಮೆಎಣ್ಣೆ ಸೋರಿತ್ತು. ಕದರಪ್ಪನ ಸ್ಪ್ಯಾನರುಗಳು, ಅರಗಳು ಮಾತ್ರ ಗೂಡು ಗೂಡಿನಲ್ಲಿ ಒಪ್ಪವಾಗಿ ಕೂತಿದ್ದವು. ಮುಂದೆ ಡ್ರೈವರ್ ಸೀಟು ಹಾಗೇ ಇತ್ತು. ಎತ್ತು ಹೊಡೆಯಲು ಅವನು ನೊಗಕ್ಕೆ ಚಾಚಿದ ಮೂಕಿಮರದ ಮೇಲೆ ಕೂರುತ್ತಿದ್ದ. ಆದರೂ ಆ ಸೀಟನ್ನು ದಿನಾ ಒರೆಸುತ್ತಿದ್ದ.

ರಂಗಕ್ಕ ಮರುದಿನ ಅವನು ಎತ್ತಿಗೆ ನೀರು ಕುಡಿಸಲು ಹೋದಾಗ ಒಂದು ಸ್ಪ್ಯಾನರು ತೆಗೆದುಕೊಂಡಳು. ಯಾವ ಬೋಲ್ಟಿಗೆ ಯಾವುದು ಕೂರುತ್ತದೆಂದು ಒಂದೊಂದೇ ಹಾಕಿ ನೋಡಿ, ಬೆರಳು ತರಚಿಕೊಂಡು, ಸೀಟನ್ನು ಬಿಚ್ಚಿ ಕಿಟಕಿಯಿಂದ ಆಚೆಗೆ ತಳ್ಳಿದಳು. ಆ ಜಾಗದಲ್ಲಿ ಒಂದು ತಗಡು ಹಾಸಿ, ಗೇಣುದ್ದ ಮಣ್ಣು ತುಂಬಿ, ಮೂರು ಕಲ್ಲಿಟ್ಟು ಒಲೆ ಮಾಡಿದಳು.

ಕದರಪ್ಪ ಬಂದವನು ನೆಲದ ಮೇಲೆ ಅಂಗಾತ ಬಿದ್ದಿದ್ದ ಸೀಟು ನೋಡಿ, "ಅಯ್ಯೋ, ಏನ್ ಮಾಡ್ಬುಟ್ಟೆ ರಂಗಿ!" ಎಂದ.

"ನೀನಿರ್ಲಿಲ್ವಲ್ಲ," ಎಂದಳು ಅವಳು.

ಒಲೆ ಬಂದ ಮೇಲೆ ಬಸ್ಸು ಸ್ವಲ್ಪ ಬಸ್ಸಿನಂತೆ ಕಾಣುವುದು ಬಿಟ್ಟಿತು. ಆದರೆ ಸಿಟ್ಟು ಇಳಿಯಲು ಊರವರು ಬಿಡಲಿಲ್ಲ. ಐ.ಡಿ. ಹಳ್ಳಿಯಲ್ಲಿ ನಿಂತಾಗ ಇಡೀ ಊರು ಕಿಟಕಿಗಳಿಗೆ ಮುಖ ಹಚ್ಚಿತು. ಅವಳು ತಲೆ ಬಾಚುವುದು, ಮುದ್ದೆ ತೊಳಸುವುದು ಎಲ್ಲವನ್ನೂ ನೋಡಿದರು. "ಟಿಕೀಟು ಎಷ್ಟಮ್ಮ?" ಎಂದು ಒಬ್ಬ ನಕ್ಕ. ರಂಗಕ್ಕ ಪಾತ್ರೆ ತೊಳೆದ ನೀರನ್ನು ಅವನ ಮುಖಕ್ಕೆ ಎರಚಿದಳು. ಆಮೇಲೆ ಹಳೆಯ ಕಂಬಳಿಯೊಂದನ್ನು ಹರಿದು ಕಿಟಕಿಗಳಿಗೆಲ್ಲ ಹೊಲಿದು ಹಾಕಿದಳು.

ನಾಯಿಗಳ ವಿಷಯದಲ್ಲಿ ದಿನಾ ಜಗಳ. ನಡೆಯುವ ಎತ್ತಿನ ಕಾಲಿಗೆ ಸಿಕ್ಕುತ್ತವೆಂದು ಅವಳು ಹಗಲು ಅವನ್ನು ಒಳಗೆ ಕೂರಿಸುತ್ತಿದ್ದಳು. ಬೇರೆ ಊರಿನ ನಾಯಿಗಳು ಮೇಲೆ ಬೀಳುತ್ತವೆಂದು ಕತ್ತಲಾದ ಮೇಲೂ ಒಳಗೇ ಕಟ್ಟುತ್ತಿದ್ದಳು. "ನಾಯಿ ನಾತ ಕಣೆ, ಉಣ್ಣಕ್ಕಾಗಲ್ಲ," ಎಂದು ಕದರಪ್ಪ ಗೊಣಗುತ್ತಿದ್ದ. "ನಿನ್ನ ಸೀಮೆಎಣ್ಣೆ ನಾತಕ್ಕಿಂತ ವಾಸಿ," ಎನ್ನುತ್ತಿದ್ದಳು.

ಶ್ರಾವಣದ ಹೊತ್ತಿಗೆ ಅವರು ಪಾವಗಡದಾಚೆಯ ಒಂದು ಹಳ್ಳಿಗೆ ಬಂದರು. ಅಲ್ಲಿನ ದೊಡ್ಡ ಕುಳ ಪರ್ವತಯ್ಯ. ಅವನ ತೋಟದ ಬಾವಿಗೆ ಸೀಮೆಎಣ್ಣೆಯ ಇಂಜಿನ್ನಿತ್ತು, ಅದು ಕೆಟ್ಟು ತಿಂಗಳಾಗಿತ್ತು. ಮತ್ತೆ ಒಂದು ಇಂಜಿನ್ನು ಮುಟ್ಟಲು ಸಿಕ್ಕಿದ ಸಂತೋಷದಲ್ಲಿ ಕದರಪ್ಪ ಊಟ ನಿದ್ದೆ ಮರೆತ. ಬಸ್ಸನ್ನು ತೋಟದ ಪಕ್ಕದಲ್ಲೇ ನಿಲ್ಲಿಸಿದರು.

ಮೂರನೆಯ ದಿನ ಬೆಳಗಿನ ಜಾವ ಕದರಪ್ಪ ಎದ್ದು ನಾಯಿಗಳ ಹಗ್ಗ ಬಿಚ್ಚಿ ಆಚೆ ಬಿಟ್ಟ. ಬೂದಿ ಚಕ್ರದ ಪಕ್ಕದಲ್ಲೇ ಮಲಗಿತು. ಕೆಂಚ ಮೂಗೆತ್ತಿ ಗಾಳಿ ಹಿಡಿದು ಬದುವಿನ ಕಡೆಗೆ ಓಡಿತು. ಸ್ವಲ್ಪ ಹೊತ್ತಿಗೆ ಕೋವಿಯ ಸದ್ದು ಕೇಳಿಸಿತು.

ರಂಗಕ್ಕ ಓಡಿಹೋದಾಗ ಬದುವಿನ ಮೇಲೆ ಕೆಂಚ ಸತ್ತುಬಿದ್ದಿತ್ತು. ಆಚೆಗೆ ಪರ್ವತಯ್ಯನ ಎರಡು ಕುರಿಗಳು ಸತ್ತಿದ್ದವು. ಅವನು ಕೋವಿ ಹಿಡಿದು ನಿಂತಿದ್ದ, ಸುತ್ತ ಹತ್ತು ಹನ್ನೆರಡು ಜನ. ಅವನ ಕುರಿ ಕಾಯುವವನೊಬ್ಬ ಮುಂದೆ ಬಂದು, "ಮೀ ಕುಕ್ಕಲೇ! ನಿಮ್ಮ ನಾಯಿಗಳೇ ಕಣಮ್ಮ ತಿಂದಿದ್ದು!" ಎಂದು ತೆಲುಗು ಬೆರೆಸಿ ಕೂಗಿದ.

"ಇನ್ನೊಂದು ನಾಯೀನೂ ಹಿಡ್ಕೊಂಬಾ," ಎಂದ ಪರ್ವತಯ್ಯ.

ಕದರಪ್ಪ ಕೈಯಲ್ಲಿ ಎಣ್ಣೆ ಬಟ್ಟೆ ಹಿಡಿದುಕೊಂಡು ಬಂದು ನಿಂತ. ರಂಗಕ್ಕ ಅವನ ಕಡೆ ನೋಡಿದಳು. ನಾಯಿಗಳನ್ನು ಬೆಳಗಿನ ಜಾವದವರೆಗೂ ಬಸ್ಸಿನೊಳಗೇ ಕಟ್ಟಿತ್ತೆಂದು ಅವನಿಗೆ ಗೊತ್ತಿತ್ತು, ಬಿಚ್ಚಿದವನೇ ಅವನು. ಆದರೂ ಅವನು ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತ, "ಹೋಗ್ಲಿ ಬುಡು ರಂಗಿ, ನಾಯಿ ತಾನೆ," ಎಂದ.

ಅವಳು ನೇರ ಸತ್ತ ಕುರಿಯ ಹತ್ತಿರ ಹೋಗಿ ಕೂತು ಅದರ ಕತ್ತು ಹೊರಳಿಸಿದಳು.

"ಬನ್ನಿ ಇಲ್ಲಿ. ಯಜಮಾನ್ರೇ, ನೀವೂ ಬನ್ನಿ. ನೋಡಿ, ಗಂಟ್ಲಿಗೆ ಒಂದೇ ಕಚ್ಚು. ಹೊಟ್ಟೆ ಬಗೆದು ಒಳಗಿಂದು ತಿಂದದೆ. ಕೆಟ್ಟ ನಾಯಿ ಕುರಿ ಹಿಡುದ್ರೆ ಹಿಂಗಾಲು ಹರೀತದೆ, ಕಿವಿ ಹರೀತದೆ, ಮೈಯೆಲ್ಲ ಜಗಿದು ಬುಟ್ಟೋಗ್ತದೆ, ತಿನ್ನಾಕಿಲ್ಲ. ಇದು ತೋಳ." ಆಮೇಲೆ ಕೆಂಚನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ಬಿಡಿಸಿ ಹಲ್ಲು ತೋರಿಸಿದಳು. "ಒಂದು ಎಳೆ ಉಣ್ಣೆ ತೋರ್ಸಿ. ಒಂದು ತೊಟ್ಟು ಕುರಿ ರಕ್ತ ತೋರ್ಸಿ. ಇದು ತೋಳದ ವಾಸನೆ ಹಿಡ್ದು ನಿಮ್ಮ ಕುರಿ ಕಾಯಕ್ಕೆ ಓಡ್ಬಂತು. ಅದನ್ನ ಹೊಡೆದ್ಬುಟ್ರಿ."

ಕುರಿ ಕಾಯುವವನು ಬಗ್ಗಿ ಕುರಿಯ ಗಂಟಲು ನೋಡಿ ಹಿಂದೆ ಸರಿದ. ಮಳೆಗೆ ನೆನೆದ ನೆಲದಲ್ಲಿ ಹೆಜ್ಜೆಗಳೂ ಸಿಕ್ಕವು, ಗುಡ್ಡದ ಕಡೆಗೆ ಹೋಗಿದ್ದವು. ಪರ್ವತಯ್ಯ ಕೋವಿ ಕೆಳಗಿಳಿಸಿ, "ಕತ್ತಲಲ್ಲಿ ಗೊತ್ತಾಗ್ಲಿಲ್ಲಮ್ಮ. ಒಂದು ಕುರಿಮರಿ ಕೊಡಿಸ್ತೀನಿ, ಹಿಡ್ಕೊಂಡೋಗು," ಎಂದ.

"ನಿಮ್ಮ ಮರಿ ಕಾಯಕ್ಕೆ ನಾಯಿ ಎಲ್ಲಿಂದ ತರ್ಲಿ?" ಎಂದಳು ರಂಗಕ್ಕ. ಕೆಂಚನನ್ನು ಕಂಬಳಿಯಲ್ಲಿ ಸುತ್ತಿ ತಾನೇ ಹೊತ್ತುಕೊಂಡು ಹೋಗಿ, ಆ ಊರಿನ ಎಲ್ಲೆ ದಾಟಿಸಿ ಮಣ್ಣು ಮಾಡಿದಳು.

ವಾಪಸ್ಸು ಬಂದಾಗ ಕದರಪ್ಪ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ. "ಇಂಜಿನ್ನು ಇನ್ನೂ ಅರ್ಧ ಬಿಚ್ಚಿದ್ದೆ," ಎಂದ ಮೆಲ್ಲಗೆ. "ಯಜಮಾನ್ರಿಗೆ ಬೇಜಾರಾದ್ರೆ ಕೆಲಸ ಹೋಗ್ತದೆ ಅಂತ..."

"ಧಣಿ ಮುಂದೆ ಕೈ ಕಟ್ಟಿ ನಿಲ್ಲಂಗಿಲ್ಲ ಅಂದಿದ್ದವನು ನೀನೇ ಅಲ್ವಾ? ಅದಕ್ಕೇ ಅಲ್ವಾ ನನ್ನ ಮನೆ ಕೊಟ್ಟಿದ್ದು?" ಅವಳ ದನಿ ಏರಲಿಲ್ಲ. ಏರದಿದ್ದದ್ದಕ್ಕೇ ಅವನು ಹೆದರಿದ. "ಎತ್ತು ಹೂಡು. ಮಧುಗಿರಿಗೆ ಹೋಗ್ಬೇಕು."

ಮಧುಗಿರಿಯಲ್ಲಿ ಕಚೇರಿಯ ಎದುರು ಹೊಂಗೆ ಮರದಡಿ ಪತ್ರ ಬರೆಯುವ ರೇಣುಕಯ್ಯ ಕೂರುತ್ತಿದ್ದ. ರಂಗಕ್ಕ ಗಂಡನನ್ನು ಅವನ ಮುಂದೆ ಕೂರಿಸಿದಳು. "ಬಸ್ಸು, ಎರಡೆತ್ತು, ಒಳಗಿರೋ ಸಾಮಾನು, ಎಲ್ಲಾ ನನ್ನ ಹೆಸ್ರಿಗೆ ಬರೀರಿ ಸ್ವಾಮಿ. ನನ್ನ ಕೇಳ್ದೆ ಮಾರಂಗಿಲ್ಲ, ಕೊಡಂಗಿಲ್ಲ, ಯಾವೂರಿಗೂ ಹೊಡ್ಕೊಂಡೋಗಂಗಿಲ್ಲ ಅಂತಾನೂ ಬರೀರಿ."

ರೇಣುಕಯ್ಯ ಲೇಖನಿ ಎತ್ತಿ ಕದರಪ್ಪನ ಮುಖ ನೋಡಿದ. "ಏನಪ್ಪಾ, ಬರೀಲಾ?"

ಕದರಪ್ಪನ ಕೈ ಅತ್ತಿತ್ತ ತಡಕಿತು. ಅಲ್ಲಿ ಬಿಗಿಯಲು ಯಾವ ಹಗ್ಗವೂ ಇರಲಿಲ್ಲ. ಕೊನೆಗೆ, "ಬರೀರಿ. ನಾನು ಮಾಡಿದ್ದು ತಪ್ಪು," ಎಂದು ಹೆಬ್ಬೆರಳು ಮುಂದೆ ಚಾಚಿದ.

ಅಲ್ಲಿಂದ ಐದು ವರ್ಷ ಅವರು ಆ ಬಸ್ಸಿನಲ್ಲೇ ಬಾಳಿದರು. ದಾರಿ ಹೇಳುವವಳು ರಂಗಕ್ಕ. ಕೊರಟಗೆರೆಯಲ್ಲಿ ಮಗಳ ಬಾಣಂತನಕ್ಕೆ ಮೂರು ತಿಂಗಳು ನಿಂತರು, ಶಿರಾದಲ್ಲಿ ಸಾಬರ ಬೀದಿಯ ಹೊಲಿಗೆ ಮಿಷನ್ನುಗಳಿಗಾಗಿ ಒಂದು ಬೇಸಿಗೆ. ಪರ್ವತಯ್ಯನ ಊರಿನಿಂದ ಎರಡು ಸಲ ಆಳು ಬಂದು ಕರೆದ, ಅವಳು ಹೋಗಲಿಲ್ಲ. ಅವನ ಇಂಜಿನ್ನು ಅರ್ಧ ಬಿಚ್ಚಿದ ಹಾಗೇ ತುಕ್ಕು ಹಿಡಿಯಿತಂತೆ. ಬೂದಿ ಬಸ್ಸಿನಲ್ಲೇ ನಾಲ್ಕು ಮರಿ ಹಾಕಿತು. ಅವು ಊಟದ ತಟ್ಟೆಯ ಪಕ್ಕಕ್ಕೆ ಬಂದರೂ ಕದರಪ್ಪ ನಾತವೆನ್ನಲಿಲ್ಲ.

ಗಂಡನ ಜೊತೆ ಅವಳು ಮಾತಾಡುತ್ತಿದ್ದಳು, ನಗುತ್ತಲೂ ಇದ್ದಳು. ಪುರವರದ ದಾರಿಯಲ್ಲಿ ಆ ಮನೆ ಕಂಡಾಗ ಮಾತ್ರ ಕಂಬಳಿಯ ಪರದೆ ಎಳೆದು, ಊರು ದಾಟುವವರೆಗೆ ಒಂದು ಮಾತೂ ಆಡುತ್ತಿರಲಿಲ್ಲ. ಕದರಪ್ಪನೂ ಆಗ ಎತ್ತುಗಳನ್ನು ಸ್ವಲ್ಪ ಜೋರಾಗಿಯೇ ಹೊಡೆಯುತ್ತಿದ್ದ.