ಮುರಿದು ನೋಡದ ಉಕ್ಕು

ಅನಗವಾಡಿಯ ಕಂಬಾರ ಮೌನಪ್ಪ ಕಬ್ಬು ಕಡಿಯುವ ಕೊಯ್ತಾ ಬಡಿದರೆ, ಅದೇ ಉಕ್ಕಿನ ಉಳಿದ ತುಂಡನ್ನು ಮುರಿದು ಗಟ್ಟಿತನ ನೋಡದೆ ಕೊಯ್ತಾವನ್ನು ಯಾರಿಗೂ ಕೊಟ್ಟವನಲ್ಲ. ಮುತ್ತಜ್ಜ ಕಬ್ಬಿಣದ ಕಲ್ಲಿನಿಂದ ತೆಗೆದಿದ್ದ ಉಕ್ಕಿನ ಗಟ್ಟಿಯನ್ನು ಮತ್ತೆ ಕರಗಿಸಿ ಮಗಳಿಗೆ ಕೊಯ್ತಾ ಮಾಡಿದಾಗ ಮಾತ್ರ ಉಳಿದ ತುಂಡನ್ನು ಮುರಿಯಲಿಲ್ಲ; ಮುತ್ತಜ್ಜನನ್ನೇ ಅನುಮಾನಿಸಿದಂತಾದೀತು ಅನ್ನಿಸಿತ್ತು.

ಮಗಳು ಹೊಲಕ್ಕೆ ಹೋದ ಮೇಲೆ ಆ ತುಂಡು ಕೈಜಾರಿ ಕಲ್ಲಿನ ಮೇಲೆ ಬಿದ್ದು ಎರಡಾಯಿತು. ಮುರಿದಲ್ಲಿ ಸಕ್ಕರೆಯಂಥ ದಪ್ಪ ಹರಳು. ಮತ್ತೆ ಕರಗಿಸಿದ್ದರಿಂದ ಉಕ್ಕು ಪೆಡಸಾಗಿತ್ತು. ಜೋರಾಗಿ ಬೀಸಿದರೆ ಅಲಗು ಸಿಡಿಯುತ್ತದೆ. ಮೌನಪ್ಪ ಬರಿಗಾಲಲ್ಲೇ ಓಡಿದ.

ಮಗಳು ಬದುವಿನ ಮೇಲೆ ಕೂತು ನೀರು ಕುಡಿಯುತ್ತಿದ್ದಳು.

“ಕೊಯ್ತಾ ಎಲ್ಲೈತಿ, ಕಾಶವ್ವ?”

“ಭಾಳ ಹರಿತ ಐತಿ ಅಂತ ಅವ್ವ ಇಸ್ಕೊಂಡ್ಲು.”

ಎತ್ತರದ ಕಬ್ಬಿನೊಳಗೆ ಕಡಿಯುವ ಸದ್ದು ಕೇಳುತ್ತಿತ್ತು. ಮೌನಪ್ಪ ಹೆಂಡತಿಯ ಹೆಸರು ಹಿಡಿದು ಕೂಗಿದ. ಠಣ್ಣೆಂದು ಉಕ್ಕು ಸಿಡಿದ ಸದ್ದಾಗಿ ಕಡಿಯುವುದು ನಿಂತಿತು. ಅವಳು ಓಗೊಡಲಿಲ್ಲ.